ಬೋರ್ ನೀರಿನ ಅಕ್ವೇರಿಯಂಗೆ ‘ಪಿಎಚ್ ಡೌನ್’ ಸುರಿಯುವ ಮುಂಚೆ ಇದನ್ನು ಓದಿ

ಕೋಲಾರದ ಒಂದು ಮನೆಯ 60 ಲೀಟರ್ ತೊಟ್ಟಿ. ಹತ್ತು ಗಪ್ಪಿ, ಆರು ನಿಯಾನ್ ಟೆಟ್ರಾ. ಟೆಸ್ಟ್ ಕಿಟ್‌ನಲ್ಲಿ ಪಿಎಚ್ (ನೀರು ಎಷ್ಟು ಆಮ್ಲೀಯ ಅನ್ನುವ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಜಾಸ್ತಿ) 7.6 ಬಂತು. ನಿಯಾನ್‌ಗೆ 6.5 ಇರಬೇಕು ಅಂತ ಅಂಗಡಿಯಲ್ಲಿ ಒಂದು ಬಾಟಲಿ ಪಿಎಚ್ ಡೌನ್, ಅಂದರೆ ಪಿಎಚ್ ಇಳಿಸುವ ಆಮ್ಲದ ದ್ರಾವಣ, ಕೊಟ್ಟು ಕಳಿಸಿದರು. ಸಂಜೆ ಹಾಕಿದಾಗ ಟ್ಯೂಬಿನ ಬಣ್ಣ ನೀಲಿಯಿಂದ ಹಸಿರಿಗೆ ಇಳಿಯಿತು, ಬೆಳಗ್ಗೆ ನೋಡಿದರೆ ಮತ್ತೆ ನೀಲಿ. ಮತ್ತೆ ಹಾಕಿದರು, ಈ ಸಲ ಇನ್ನೊಂದು ಮುಚ್ಚಳ ಜಾಸ್ತಿ. ಹಾಕಿದಾಗಲೆಲ್ಲ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತಿದ್ದವು. ಎರಡು ವಾರದ ಮೇಲೆ ಒಂದು ದಿನ ಬಣ್ಣ ಪೂರ್ತಿ ಹಳದಿಗೆ ಇಳಿದು ಅಲ್ಲೇ ನಿಂತಿತು. ಗೆದ್ದೆವು ಅಂದುಕೊಂಡರು. ಮುಂದಿನ ಭಾನುವಾರ ಅರ್ಧ ನೀರು ತೆಗೆದು ಸಂಪಿನ ಬೋರ್ ನೀರು ತುಂಬಿದರು. ರಾತ್ರಿಯೊಳಗೆ ಟೆಟ್ರಾಗಳು ಹೋದವು, ಬೆಳಗಾಗುವಷ್ಟರಲ್ಲಿ ಗಪ್ಪಿಗಳೂ ಇಲ್ಲ.

ರೋಗವಲ್ಲ, ಕೆಟ್ಟ ಮೀನೂ ಅಲ್ಲ. ಚಿಕ್ಕಬಳ್ಳಾಪುರದಲ್ಲೋ ಕೋಲಾರದಲ್ಲೋ ಆಳದ ಬೋರ್ ನೀರಿನಲ್ಲಿ ಮೀನು ಸಾಕುವ ಯಾರಿಗೂ ಆಗಬಹುದಾದದ್ದು.

ಬೇಳೆ ಬೇಯದ, ಸೋಪು ನೊರೆ ಬರದ, ಹೀಟರ್ ಕಾಯಿಲ್ ಮೇಲೆ ಬಿಳಿ ಪೊರೆ ಕಟ್ಟುವ ನೀರಿನಲ್ಲಿ ಸಾಮಾನ್ಯವಾಗಿ ಬೈಕಾರ್ಬನೇಟ್ ತುಂಬಾ ಇರುತ್ತದೆ. ಅದರ ಅಳತೆಯೇ ಕೆಎಚ್. ನೀವು ಹಾಕಿದ ಆಮ್ಲವನ್ನು ಬೈಕಾರ್ಬನೇಟ್ ನುಂಗಿ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಆ ಅನಿಲ ನೀರಿನಲ್ಲಿ ಇರುವಷ್ಟು ಹೊತ್ತು ಪಿಎಚ್ ಕೆಳಗಿರುತ್ತದೆ, ಮೀನಿಗೆ ಉಸಿರು ಕಟ್ಟುತ್ತದೆ. ರಾತ್ರಿಯೆಲ್ಲ ಏರ್ ಪಂಪ್ ಓಡಿ ಅನಿಲ ಹೊರಟರೆ ಪಿಎಚ್ ವಾಪಸ್ ಮೇಲಕ್ಕೆ. ಕಣ್ಣಿಗೆ ಏನೂ ಬದಲಾಗಿಲ್ಲ, ಆದರೆ ಒಳಗೆ ಕೆಎಚ್ ಪ್ರತಿ ಸಲವೂ ಸ್ವಲ್ಪ ಸವೆದಿರುತ್ತದೆ. ಅದು ಪೂರ್ತಿ ಮುಗಿದ ದಿನ ತಡೆಯುವವರು ಯಾರೂ ಇಲ್ಲ, ಪಿಎಚ್ ಒಂದೇ ಏಟಿಗೆ ಕುಸಿಯುತ್ತದೆ.

ಕುಸಿದ ಮೇಲಿನದು ಇನ್ನೂ ಮೋಸದ್ದು. ಪಿಎಚ್ 6ರ ಹತ್ತಿರ ಬಂದರೆ ಮೀನಿನ ಹೊಲಸಿನ ಅಮೋನಿಯಾವನ್ನು ತಿನ್ನುವ ಫಿಲ್ಟರಿನ ಒಳ್ಳೆಯ ಬ್ಯಾಕ್ಟೀರಿಯಾ ಹೆಚ್ಚು ಕಡಿಮೆ ಕೆಲಸ ನಿಲ್ಲಿಸುತ್ತವೆ, ಅಮೋನಿಯಾ ಕೂಡಿಕೊಳ್ಳುತ್ತಾ ಹೋಗುತ್ತದೆ. ಆ ಆಮ್ಲೀಯ ನೀರಿನಲ್ಲಿ ಅದು ಬಹುಪಾಲು ಅಷ್ಟಾಗಿ ವಿಷವಲ್ಲದ ಅಮೋನಿಯಂ ರೂಪದಲ್ಲಿ ಇರುವುದರಿಂದ ಮೀನು ತಡೆದುಕೊಳ್ಳುತ್ತವೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಪಿಎಚ್ 7ರಲ್ಲಿ ಒಟ್ಟು ಅಮೋನಿಯಾದಲ್ಲಿ ವಿಷದ ಪಾಲು ಶೇ. 0.6ರಷ್ಟು, ಪಿಎಚ್ 8ರಲ್ಲಿ ಶೇ. 5ಕ್ಕೂ ಮೇಲೆ. ಪಿಎಚ್ 6ರಿಂದ 8ಕ್ಕೆ ಏರಿದರೆ ವಿಷ ಸುಮಾರು ನೂರು ಪಟ್ಟು. ಆ ಭಾನುವಾರ ಬೋರ್ ನೀರು ಅಮೋನಿಯಾವನ್ನು ಅರ್ಧ ಮಾಡಿತು ನಿಜ, ಉಳಿದರ್ಧವನ್ನು ವಿಷ ಮಾಡಿಬಿಟ್ಟಿತು.

ಇನ್ನು ಆ ಮೊದಲ 7.6. ಅದೂ ಸುಳ್ಳೇ! ಸಾಮಾನ್ಯ ಕಿಟ್ಟಿನ ದ್ರಾವಣ 6.0ರಿಂದ 7.6ರವರೆಗೆ ಮಾತ್ರ ಓದುತ್ತದೆ. ಅದಕ್ಕಿಂತ ಮೇಲೆ 7.8 ಆಗಲಿ 8.4 ಆಗಲಿ ಟ್ಯೂಬು ಅದೇ ಕಡುನೀಲಿ. ಚಾರ್ಟಿನ ಕೊನೆಯ ನೀಲಿ ಬಂದರೆ ‘7.6 ಅಥವಾ ಮೇಲೆ’ ಅಂತ ಓದಿ, ಹೈ ರೇಂಜ್ ಬಾಟಲಿಯಲ್ಲಿ (7.4ರಿಂದ 8.8) ಮತ್ತೆ ನೋಡಿ. ಟ್ಯೂಬನ್ನು ಅದೇ ನೀರಿನಿಂದ ತೊಳೆದು, 5 ಮಿಲಿ ಗೆರೆಯವರೆಗೆ ತುಂಬಿ, ಬಾಟಲಿಯನ್ನು ನೆಟ್ಟಗೆ ತಲೆಕೆಳಗು ಹಿಡಿದು ಹೇಳಿದಷ್ಟೇ ಹನಿ ಹಾಕಿ. ಓರೆ ಹಿಡಿದರೆ ಹನಿಯ ಗಾತ್ರವೇ ಬೇರೆ. ಬೆರಳಿನಿಂದಲ್ಲ, ಮುಚ್ಚಳ ಹಾಕಿ ಅಲ್ಲಾಡಿಸಿ. ಬಣ್ಣವನ್ನು ಹಗಲು ಬೆಳಕಿನಲ್ಲಿ, ಬಿಳಿ ಹಾಳೆಯ ಮುಂದೆ ಹೋಲಿಸಿ.

ಬೋರ್ ನೀರನ್ನು ನಲ್ಲಿಯಿಂದ ಹಿಡಿದ ಕೂಡಲೇ ಅಳೆಯಬೇಡಿ. ನೆಲದಾಳದಿಂದ ಬಂದ ನೀರಿನಲ್ಲಿ ಅನಿಲ ತುಂಬಿರುವುದರಿಂದ ಆಗ 7.2 ತೋರಿಸುವ ನೀರು ಮರುದಿನ 8.2 ತೋರಿಸಬಹುದು. ಬಕೆಟ್ಟಿನಲ್ಲಿ ಏರ್ ಸ್ಟೋನ್ ಹಾಕಿ 24 ಗಂಟೆ ಬಿಟ್ಟು ನೋಡಿದ ಅಂಕಿಯೇ ನಿಜವಾದದ್ದು.

ಪೆನ್ ಮೀಟರ್ ಇದ್ದರೆ 6.86 ಮತ್ತು 9.18 ಬಫರ್ (ಪಿಎಚ್ ಗೊತ್ತಿರುವ ದ್ರಾವಣ) ಎರಡರಲ್ಲೂ ಹೊಂದಿಸಿ. ನಮ್ಮ ನೀರು ಅವೆರಡರ ನಡುವೆ ಬರುತ್ತದೆ. ತುದಿಯನ್ನು ಆರ್‌ಒ ನೀರಿನಲ್ಲಿ ಅದ್ದಿಡಬಾರದು, ಬೇಗ ಹಾಳಾಗುತ್ತದೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಪಿಎಚ್ ತೋರಿಸುವುದಿಲ್ಲ, ಎರಡೂ ಪೆನ್ನಿನಂತೆ ಕಾಣುತ್ತವೆ ಅಷ್ಟೆ.

ಪಿಎಚ್ ಕಿಟ್ಟಿಗಿಂತ ಮೊದಲು ಕೆಎಚ್ ಕಿಟ್ ಕೊಳ್ಳಿ. 5 ಮಿಲಿ ನೀರಿಗೆ ಒಂದೊಂದೇ ಹನಿ ಹಾಕಿ ಅಲ್ಲಾಡಿಸುತ್ತಾ ನೀಲಿ ಹೋಗಿ ಹಳದಿ ಆಗುವವರೆಗೆ ಎಣಿಸುವುದು. ಹೆಚ್ಚಿನ ಕಿಟ್‌ಗಳಲ್ಲಿ ಒಂದು ಹನಿ ಒಂದು ಡಿಗ್ರಿ, ಅಂದರೆ 17.9 ಪಿಪಿಎಂ. ಹತ್ತು ದಾಟಿದರೆ ಪಿಎಚ್ ಡೌನ್, ನಿಂಬೆರಸ, ಕಾಡುಬಾದಾಮಿ ಎಲೆ ಯಾವುದೂ ನಿಲ್ಲುವುದಿಲ್ಲ. ಮನೆಗೆ ಹಾಕಿಸಿದ ಉಪ್ಪಿನ ಸಾಫ್ಟ್‌ನರ್ ಕೂಡ ಇದಕ್ಕೆ ಉಪಯೋಗವಿಲ್ಲ. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ಬೈಕಾರ್ಬನೇಟನ್ನು ಮುಟ್ಟುವುದೇ ಇಲ್ಲ.

ಗಪ್ಪಿ, ಮೋಲಿ, ಪ್ಲಾಟಿ, ಗೋಲ್ಡ್‌ಫಿಶ್‌ಗೆ ಪಿಎಚ್ 8 ತೊಂದರೆಯಿಲ್ಲ. ನಿಯಾನ್ ಬೇಕೇ ಬೇಕು ಅಂದರೆ ನೀರನ್ನೇ ಬದಲಿಸಬೇಕು: ಶುದ್ಧ ನೀರಿನ ಘಟಕದ ಆರ್‌ಒ ಕ್ಯಾನ್ ಎರಡು ಪಾಲು, ಬೋರ್ ನೀರು ಒಂದು ಪಾಲು, ಬೇರೆ ಡ್ರಮ್ಮಿನಲ್ಲಿ ಬೆರೆಸಿ. ಕೆಎಚ್ 15 ಇದ್ದದ್ದು 5ರ ಆಸುಪಾಸಿಗೆ ಇಳಿಯುತ್ತದೆ. ಪ್ರತಿ ಸಲವೂ ಅದೇ ಅಳತೆ. ಬರೀ ಆರ್‌ಒ ತುಂಬಿದರೆ ತಡೆಯುವ ಕೆಎಚ್ ಇಲ್ಲದೆ ಅದೇ ಕುಸಿತ ಬರುತ್ತದೆ. ತುಮಕೂರಿನಲ್ಲಿ ಒಂದೇ ಸಂಪಿಗೆ ಒಮ್ಮೆ ಹೇಮಾವತಿ ನೀರು, ಒಮ್ಮೆ ಟ್ಯಾಂಕರ್ ನೀರು ಬೀಳುವ ಮನೆಗಳವರು ಪ್ರತಿ ಸಲ ನೀರು ಬದಲಿಸುವ ಮುಂಚೆ ಸಂಪಿನ ಕೆಎಚ್ ನೋಡಲೇಬೇಕು.

ಅಲಂಕಾರದ ಬಿಳಿ ಮಾರ್ಬಲ್ ಚೂರು, ಕಪ್ಪೆಚಿಪ್ಪು ತೊಟ್ಟಿಯಲ್ಲಿದ್ದರೆ ಅವೂ ಕೆಎಚ್ ಏರಿಸುತ್ತವೆ. ಒಂದು ಚೂರಿನ ಮೇಲೆ ವಿನೆಗರ್ ಬಿಡಿ, ಬುರುಗು ಬಂದರೆ ತೆಗೆಯಿರಿ. ಇಲ್ಲಿನ ಗ್ರಾನೈಟ್ ಜಲ್ಲಿಯನ್ನು ಪುಡಿ ಹೋಗುವಂತೆ ತೊಳೆದು ಹಾಕಿದರೆ ತೊಂದರೆಯಿಲ್ಲ.

ಈಗಾಗಲೇ ಪಿಎಚ್ ಡೌನ್ ಹಾಕುತ್ತಿರುವವರು ಇವತ್ತೇ ನಿಲ್ಲಿಸಿ, ಆದರೆ ಗಾಬರಿಯಿಂದ ಅರ್ಧ ನೀರು ಚೆಲ್ಲಬೇಡಿ. ಮೊದಲು ಅಮೋನಿಯಾ ಅಳೆಯಿರಿ. ಇದ್ದರೆ ತಿಂಡಿ ಹಾಕುವುದನ್ನು ನಿಲ್ಲಿಸಿ, ಅಮೋನಿಯಾ ಕಟ್ಟಿಹಾಕುವ ಕಂಡೀಷನರ್ ಹಾಕಿ, ದಿನಕ್ಕೆ ಹತ್ತರಲ್ಲಿ ಒಂದು ಪಾಲು ಮಾತ್ರ, ಅಂದರೆ 60 ಲೀಟರಿಗೆ ಆರು ಲೀಟರ್, ಹಿಂದಿನ ದಿನ ಹಿಡಿದಿಟ್ಟ ನೀರನ್ನು ಸಣ್ಣ ಪೈಪಿನಲ್ಲಿ ನಿಧಾನವಾಗಿ ಬಿಡಿ. ಪ್ರತಿದಿನ ಒಂದೇ ಹೊತ್ತಿಗೆ ಕೆಎಚ್, ಪಿಎಚ್, ಅಮೋನಿಯಾ ಮೂರನ್ನೂ ಬರೆದಿಡಿ. ಅಮೋನಿಯಾ ಸೊನ್ನೆಗೆ ಬರುವವರೆಗೆ ಫಿಲ್ಟರ್ ಸ್ಪಂಜನ್ನು ತೊಳೆಯಬೇಡಿ.