ಡಬ್ಲಿನ್ನಿನ ಸೇಂಟ್ ಪ್ಯಾಟ್ರಿಕ್ ಹಬ್ಬ: ಹಿಡಿಸಿದ್ದು, ಹಿಡಿಸದ್ದು

ಮಗನ ಮನೆಗೆ ಐರ್ಲೆಂಡಿಗೆ ಹೋದಾಗ ಅಲ್ಲಿನ ಪಾಲಕ ಸಂತ ಪ್ಯಾಟ್ರಿಕ್ ಹೆಸರಲ್ಲಿ ನಡೆಯುವ ಮಾರ್ಚ್ 17ರ ಹಬ್ಬ ನೋಡಿ ಬಂದೆ. ಸಂಗೀತಕ್ಕೆ ಪೂರ್ತಿ ಅಂಕ ಕೊಡುತ್ತೇನೆ. ಊಟಕ್ಕೆ ಕೊಡಲಾರೆ.

ಮೆರವಣಿಗೆ ಪಾರ್ನೆಲ್ ಸ್ಕ್ವೇರ್‌ನಿಂದ ಹೊರಟು ಓಕಾನೆಲ್ ಸ್ಟ್ರೀಟ್ ಮೇಲೆ ಬರುತ್ತದೆ. ದೊಡ್ಡ ದೊಡ್ಡ ಬೊಂಬೆಗಳು, ಬ್ಯಾಂಡು, ಹಸಿರು ಟೋಪಿಯ ಮಕ್ಕಳು. ರಸ್ತೆ ಬದಿ ನಿಂತು ನೋಡೋದಕ್ಕೆ ದುಡ್ಡಿಲ್ಲ. ಆದರೆ ಬೇಗ ಹೋಗದಿದ್ದರೆ ಮುಂದಿನವರ ಬೆನ್ನಷ್ಟೇ ಕಾಣೋದು.

ನನ್ನ ಮನಸ್ಸು ಕದ್ದಿದ್ದು ಬೌರಾನ್. ಆಡಿನ ಚರ್ಮ ಬಿಗಿದ ಅಗಲ ವಾದ್ಯ. ಬಾರಿಸುವ ಹುಡುಗಿ ಒಂದು ಕೈಯನ್ನು ಚರ್ಮದ ಹಿಂದಿಟ್ಟು ಒತ್ತುತ್ತಾ, ಬಿಡುತ್ತಾ ದನಿ ಏರಿಸಿ ಇಳಿಸುತ್ತಿದ್ದಳು. ಇನ್ನೊಂದು ಕೈಯಲ್ಲಿ ಗಿಡ್ಡ ಕೋಲು. ಪಕ್ಕದಲ್ಲಿ ಇಲಿನ್ ಪೈಪ್ಸ್, ಗಾಳಿಚೀಲವಿರುವ ಐರಿಶ್ ವಾದ್ಯ. ಅದನ್ನು ಬಾಯಿಂದ ಊದುವುದಿಲ್ಲ, ಮೊಣಕೈಯಿಂದ ತಿದಿ ಒತ್ತಿ ಗಾಳಿ ತುಂಬುತ್ತಾರೆ. 2017ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಕಲೆ ಅದು. ಎಷ್ಟು ಕೇಳಿದರೂ ಸಾಕೆನಿಸಲಿಲ್ಲ.

ಬೇಜಾರಾಗಿದ್ದು ಊಟದ ವಿಷಯದಲ್ಲಿ. ಕೊಪ್ಪಳದ ಗವಿಮಠದ ಜಾತ್ರೆ ನೋಡಿ ಬೆಳೆದವಳು ನಾನು. ಲಕ್ಷಗಟ್ಟಲೆ ಜನ ಬಂದರೂ ದಾಸೋಹದಲ್ಲಿ ಹೊಟ್ಟೆ ತುಂಬ ಉಣ್ಣುತ್ತಾರೆ, ಅಲ್ವಾ? ಡಬ್ಲಿನ್ನಿನಲ್ಲಿ ಒಂದು ಪೊಟ್ಟಣ ಆಲೂಗಡ್ಡೆ ಚಿಪ್ಸ್‌ಗೆ ಉದ್ದ ಸಾಲು, ಬೆಲೆಯೂ ಜಾಸ್ತಿ. ಶೌಚಾಲಯಕ್ಕಂತೂ ಕಾದು ಕಾದು ಸಾಕಾಯಿತು. ಕತ್ತಲಾದ ಮೇಲೆ ಕುಡಿದವರ ಗದ್ದಲ, ಮಕ್ಕಳನ್ನು ಕರೆದುಕೊಂಡು ಹೋದವರು ಸಂಜೆಯೊಳಗೆ ಮನೆ ಸೇರುವುದು ಒಳ್ಳೆಯದು.

ನಮ್ಮ ಕಡೆಯಿಂದ ಹೋಗುವವರು ದಪ್ಪ ಕೋಟು ಮರೆಯಬೇಡಿ. ಮಾರ್ಚ್‌ನಲ್ಲಿ ಇಲ್ಲಿ ಬಿಸಿಲು ಸುಡುತ್ತದೆ, ಅಲ್ಲಿ ಗಾಳಿ ಎಲುಬಿಗೆ ಇಳಿಯುತ್ತದೆ. ಛತ್ರಿ ಬೇಡ, ಗಾಳಿಗೆ ಉಲ್ಟಾ ಆಗುತ್ತದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡಿ.