ಪುಡಿ ಬಿಟ್ಟು ಬಾಟಲಿ ತರಿಸಿದೆವು: ನ್ಯಾನೋಟ್ಯೂಬ್ ಡಿಸ್ಪರ್ಷನ್ ಬಳಸಿ ನೋಡಿದ ಅನುಭವ

ಮುದ್ದೆ ತೊಳಸಿ ಗೊತ್ತಿರುವವರಿಗೆ ನಮ್ಮ ಲ್ಯಾಬಿನ ಕಷ್ಟ ಬೇಗ ಅರ್ಥವಾಗುತ್ತದೆ. ಒಮ್ಮೆ ಹಿಟ್ಟು ಗಂಟಾದರೆ ಮುಗೀತು, ಎಷ್ಟು ತಿರುವಿದರೂ ಒಳಗೆ ಒಣಹಿಟ್ಟು ಹಾಗೇ ಉಳಿಯುತ್ತದೆ. ಕಾರ್ಬನ್ ನ್ಯಾನೋಟ್ಯೂಬ್ ಪುಡಿಯೂ ಹಾಗೇ. ಕೂದಲಿಗಿಂತ ಸಾವಿರಾರು ಪಟ್ಟು ಸಣ್ಣ ಕೊಳವೆಗಳು ಒಂದಕ್ಕೊಂದು ಅಂಟಿಕೊಂಡು ಕೂತಿರುತ್ತವೆ. ಸುಮ್ನೆ ನೀರಿಗೆ ಹಾಕಿದರೆ ಬಿಡಿಸಿಕೊಳ್ಳುವುದೇ ಇಲ್ಲ.

ನನ್ನದು ಪಿಎಚ್‌ಡಿ ಎರಡನೇ ವರ್ಷ. ಪಿವಿಎ (ಪಾಲಿವಿನೈಲ್ ಆಲ್ಕೋಹಾಲ್, ನೀರಿನಲ್ಲಿ ಕರಗುವ ಪಾಲಿಮರ್) ಜೆಲ್‌ಗೆ ಈ ಟ್ಯೂಬುಗಳನ್ನು ಸೇರಿಸುವ ಕೆಲಸ. ಮೊದಲ ಎಂಟು ತಿಂಗಳು ಪುಡಿಯಲ್ಲೇ ಮಾಡಿದೆ. ಎಸ್‌ಡಿಎಸ್ ಅನ್ನುವ ಸೋಪಿನಂಥ ಪದಾರ್ಥ ಬೆರೆಸಿದ ನೀರಿಗೆ ಪುಡಿ ಹಾಕಿ, ಬೀಕರನ್ನು ಐಸಿನಲ್ಲಿಟ್ಟು, ಅರ್ಧ ಗಂಟೆ ಪ್ರೋಬ್ ಸೋನಿಕೇಟರ್ (ಶಬ್ದದ ಕಂಪನದಿಂದ ಗಂಟು ಒಡೆಯುವ ಯಂತ್ರ) ಓಡಿಸುವುದು. ಕಡಿಮೆ ಓಡಿಸಿದರೆ ಗಂಟು ಒಡೆಯುವುದಿಲ್ಲ. ಜಾಸ್ತಿ ಓಡಿಸಿದರೆ ಟ್ಯೂಬುಗಳೇ ತುಂಡಾಗುತ್ತವೆ. ತೂಕ ಮಾಡುವಾಗ ಪುಡಿ ಹಾರಿ ಉಸಿರಿನೊಳಗೆ ಹೋಗುವ ಭಯ ಬೇರೆ. ಅಮೆರಿಕದ ಎನ್‌ಐಒಎಸ್‌ಎಚ್ (ಕೆಲಸದ ಜಾಗದ ಸುರಕ್ಷತೆ ನೋಡುವ ಸಂಸ್ಥೆ) 2013ರಲ್ಲಿ ಹೇಳಿದ ಮಿತಿ ಒಂದು ಘನ ಮೀಟರ್ ಗಾಳಿಗೆ ಬರೀ 1 ಮೈಕ್ರೋಗ್ರಾಂ.

ಆಮೇಲೆ ನೀರಿನಲ್ಲೇ ಬಿಡಿಸಿಟ್ಟ ಡಿಸ್ಪರ್ಷನ್ ತರಿಸಿದೆವು. 100 ಮಿ.ಲೀ. ಬಾಟಲಿ, ಮಲ್ಟಿವಾಲ್ ಟ್ಯೂಬು (ಒಂದರೊಳಗೊಂದು ಕೊಳವೆ ಇರುವಂಥದ್ದು), ತೂಕದಲ್ಲಿ 3%. ನೋಡಲು ಥೇಟ್ ಇಂಡಿಯನ್ ಇಂಕು. ಗಾಜಿನ ಮೇಲೆ ಒಂದು ಹನಿ ಎಳೆದೆ. ಒಂದೂ ಚುಕ್ಕೆ ಕಾಣಲಿಲ್ಲ. ಎಂಟು ತಿಂಗಳಲ್ಲಿ ನಾನು ಒಮ್ಮೆಯೂ ಅಂಥ ಗೆರೆ ಎಳೆದಿರಲಿಲ್ಲ.

ಕೆಲಸ ಎಷ್ಟು ಸುಲಭವಾಯಿತು ಅಂದರೆ, 10 ಗ್ರಾಂ ಪಿವಿಎಯನ್ನು 90 ಗ್ರಾಂ ನೀರಿನಲ್ಲಿ 90 ಡಿಗ್ರಿಗೆ ಕರಗಿಸಿ, ಸ್ವಲ್ಪ ಆರಿಸಿ, 1.7 ಗ್ರಾಂ ಡಿಸ್ಪರ್ಷನ್ ಬೆರೆಸಿದೆ. ಅಷ್ಟರಲ್ಲಿ ಸುಮಾರು 50 ಮಿಲಿಗ್ರಾಂ ಟ್ಯೂಬು ಬಂತು. ಬೀಕರಿನ ಗೋಡೆಗುಂಟ ನಿಧಾನಕ್ಕೆ ಸುರಿಯಬೇಕು, ಇಲ್ಲದಿದ್ದರೆ ನೊರೆ ಬರುತ್ತದೆ. ಪೆಟ್ರಿ ಡಿಶ್‌ಗೆ ಹೊಯ್ದು, ಮೈನಸ್ 20 ಡಿಗ್ರಿಯಲ್ಲಿ ರಾತ್ರಿಯೆಲ್ಲ ಇಟ್ಟು, ಹಗಲು ಹೊರಗೆ ಕರಗಲು ಬಿಟ್ಟೆ. ಹೀಗೆ ಮೂರು ಸಲ. ಹೆಪ್ಪುಗಟ್ಟಿ ಕರಗುವಾಗ ಪಿವಿಎ ಎಳೆಗಳು ಅಲ್ಲಲ್ಲಿ ಸಣ್ಣ ಹರಳಾಗಿ ಕಟ್ಟಿಕೊಳ್ಳುತ್ತವೆ. ಆ ಹರಳುಗಳೇ ಜೆಲ್ಲನ್ನು ಹಿಡಿದಿಡುತ್ತವೆ, ಬೇರೆ ರಾಸಾಯನಿಕ ಬೇಡ. ಮೂರನೇ ದಿನ ಕಪ್ಪು ರಬ್ಬರಿನಂಥ ಬಿಲ್ಲೆ ಡಿಶ್ ಬಿಟ್ಟು ಎದ್ದು ಬಂತು. ಟಾರ್ಚಿಗೆ ಹಿಡಿದು ನೋಡಿದೆ. ಅಂಚಿನಿಂದ ಅಂಚಿಗೆ ಒಂದೇ ಬಣ್ಣ!

ಈಗ ದೂರು. ಲೇಬಲ್ ಮೇಲೆ 'ಡಿಸ್ಪರ್ಸೆಂಟ್' (ಟ್ಯೂಬುಗಳು ಮತ್ತೆ ಅಂಟಿಕೊಳ್ಳದಂತೆ ಹಾಕುವ ಪದಾರ್ಥ) ಅಂತ ಮಾತ್ರ ಇದೆ. ಯಾವುದು, ಎಷ್ಟು ಅಂತ ಇಲ್ಲ. ಮಾರಿದವರಿಗೆ ಇಮೇಲ್ ಮಾಡಿದರೆ ಹೇಳಲು ಆಗಲ್ಲ ಎಂದರು. ಇದು ಸಣ್ಣ ವಿಷಯ ಅಲ್ಲ. ಒದ್ದೆ ಜೆಲ್‌ಗೆ ಮಲ್ಟಿಮೀಟರ್ ಇಟ್ಟರೆ ಸೋಪಿನಂಥ ಆ ಪದಾರ್ಥದ ಅಯಾನುಗಳೂ ಕರೆಂಟ್ ಸಾಗಿಸಬಹುದು. ಟ್ಯೂಬಿನ ಪಾಲೆಷ್ಟು, ಅದರ ಪಾಲೆಷ್ಟು ಅಂತ ತಿಳಿಯಲು ಟ್ಯೂಬಿಲ್ಲದೆ ಅದನ್ನಷ್ಟೇ ಹಾಕಿದ ಜೆಲ್ ಮಾಡಿ ಹೋಲಿಸಬೇಕು, ಅಲ್ವಾ? ಏನು ಹಾಕಿದ್ದಾರೆ ಅಂತಲೇ ಗೊತ್ತಿಲ್ಲದಿದ್ದರೆ ಹೇಗೆ ಮಾಡುವುದು? ಕಾಸು ಕೊಟ್ಟು ತೆಗೆದುಕೊಂಡವರಿಗೆ ಇಷ್ಟಾದರೂ ಹೇಳಬೇಕು. ಸದ್ಯಕ್ಕೆ ಆ ಡಿಸ್ಪರ್ಸೆಂಟ್ ತೊಳೆದುಹೋಗಲಿ ಅಂತ ಬಿಲ್ಲೆಗಳನ್ನು ಡಿಸ್ಟಿಲ್ಡ್ ವಾಟರಿನಲ್ಲಿ ನೆನೆಹಾಕಿ, ದಿನಕ್ಕೆರಡು ಸಲ ನೀರು ಬದಲಿಸುತ್ತೇನೆ. ಮೊದಲ ದಿನದ ನೀರು ಕುಲುಕಿದರೆ ನೊರೆ ನಿಲ್ಲುತ್ತಿತ್ತು. ನಾಲ್ಕನೇ ದಿನ ನಿಲ್ಲಲಿಲ್ಲ. ನೀರು ಮಾತ್ರ ಒಂದು ದಿನವೂ ಕಪ್ಪಾಗಲಿಲ್ಲ. ಟ್ಯೂಬುಗಳು ಜೆಲ್ ಒಳಗೇ ಇವೆ ಅನ್ನುವುದಕ್ಕೆ ನನಗೆ ಅದು ಒಳ್ಳೆ ಗುರುತು.

ಇನ್ನೊಂದು ಎಚ್ಚರಿಕೆ. ಬಾಟಲಿಯನ್ನು ಫ್ರೀಜರಿಗೆ ಇಡಬೇಡಿ. ನಮ್ಮಲ್ಲಿ ಯಾರೋ ಜೆಲ್ ಡಿಶ್‌ಗಳ ಜೊತೆ ಅದನ್ನೂ ಒಳಗಿಟ್ಟರು. ನೀರು ಹರಳುಗಟ್ಟುವಾಗ ಟ್ಯೂಬುಗಳನ್ನು ಪಕ್ಕಕ್ಕೆ ಒತ್ತರಿಸುತ್ತದೆ. ಕರಗಿದ ಮೇಲೆ ಅಡಿಯಲ್ಲಿ ಮತ್ತೆ ಅದೇ ಗಂಟುಗಳು. ದಪ್ಪ ಪಿವಿಎಯಲ್ಲಿ ಬೆರೆತ ಮೇಲೆ ಹಾಗಾಗಲಿಲ್ಲ, ಬರೀ ಬಾಟಲಿಯಲ್ಲಿದ್ದದ್ದು ಹಾಳಾಯಿತು. ಅರ್ಧಕ್ಕಿಂತ ಜಾಸ್ತಿ ಉಳಿದಿತ್ತು.

ಜೆಲ್ ಮಾಡುವವರು ಪುಡಿ ಬಿಟ್ಟು ಇದನ್ನೇ ತರಿಸಿ. ಆದರೆ ಆರ್ಡರ್ ಮಾಡುವ ಮುಂಚೆ ಡಿಸ್ಪರ್ಸೆಂಟ್ ಹೆಸರು, ಪ್ರಮಾಣ ಬರೆದು ಕೊಡಿ ಅಂತ ಕೇಳಿ. ನಮ್ಮ ಎರಡನೇ ಬಾಟಲಿಯನ್ನು ಅದನ್ನು ಲೇಬಲ್ ಮೇಲೇ ಬರೆಯುವವರ ಹತ್ತಿರ ತರಿಸುತ್ತಿದ್ದೇನೆ, 25 ಮಿ.ಲೀ. ಮಾತ್ರ.