ಆಲ್ಫಾಫೋಲ್ಡ್ ಡೇಟಾಬೇಸ್: ಪುಕ್ಕಟೆ, ಚೆಂದ, ಆದರೆ ಬಣ್ಣ ನೋಡಿ ನಂಬಿ

ದುಡ್ಡು ಕೊಡಬೇಕಿಲ್ಲ, ಲಾಗಿನ್ ಬೇಕಿಲ್ಲ. ಪ್ರೋಟೀನಿನ ಹೆಸರು ಟೈಪ್ ಮಾಡಿದರೆ ಅದರ ಆಕಾರ ಪರದೆ ಮೇಲೆ ಬರುತ್ತದೆ, ಮೌಸ್ ಹಿಡಿದು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದು. ಬಯಾಲಜಿ ಓದುವವರಿಗೂ ಪಾಠ ಮಾಡುವವರಿಗೂ ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಆದರೆ ಸುಮ್ನೆ ಚಿತ್ರ ನೋಡಿ ನಂಬಿಬಿಡುವ ಸೈಟ್ ಇದಲ್ಲ.

ಗೂಗಲ್‌ನ ಎಐ ಕಂಪನಿ ಡೀಪ್‌ಮೈಂಡ್ ಮತ್ತು ಜೀವವಿಜ್ಞಾನದ ಮಾಹಿತಿ ಕೂಡಿಡುವ ಯುರೋಪಿನ ಸಂಸ್ಥೆ ಇಎಂಬಿಎಲ್-ಇಬಿಐ ಸೇರಿ 2021ರಲ್ಲಿ ಶುರು ಮಾಡಿದ ಸೈಟ್ ಇದು. ಈಗ 20 ಕೋಟಿಗೂ ಜಾಸ್ತಿ ಪ್ರೋಟೀನುಗಳಿವೆ. ಎಲ್ಲವೂ ಕಂಪ್ಯೂಟರ್ ಊಹಿಸಿದ ಆಕಾರಗಳು, ಲ್ಯಾಬಿನಲ್ಲಿ ಅಳೆದು ನೋಡಿದವಲ್ಲ. ಅಳೆದವು ಬೇಕಾದರೆ 1971ರಿಂದ ನಡೆಯುತ್ತಿರುವ ಪ್ರೋಟೀನ್ ಡೇಟಾ ಬ್ಯಾಂಕಿಗೆ ಹೋಗಬೇಕು.

ಊಹೆ ಅಂದರೆ ಮೂಗು ಮುರಿಯಬೇಡಿ. ಅಮೆರಿಕದ ಕ್ರಿಶ್ಚಿಯನ್ ಆನ್ಫಿನ್ಸೆನ್ ರೈಬೋನ್ಯೂಕ್ಲಿಯೇಸ್ ಎನ್ನುವ ಪ್ರೋಟೀನನ್ನು ರಾಸಾಯನಿಕ ಹಾಕಿ ಪೂರ್ತಿ ಬಿಚ್ಚಿದರು. ಅದರಲ್ಲಿ 124 ಅಮೈನೋ ಆಮ್ಲ (ಪ್ರೋಟೀನ್ ಸರಪಳಿಯ ಕೊಂಡಿಗಳು), ಅವುಗಳಲ್ಲಿ 8 ಗಂಧಕವಿರುವ ಸಿಸ್ಟೀನ್. ಎರಡೆರಡು ಸಿಸ್ಟೀನ್ ಕೈಹಿಡಿದು 4 ಗಂಧಕದ ಬಂಧ ಆಗಬೇಕು, ಅದಕ್ಕೆ 105 ದಾರಿ ಇವೆ. ರಾಸಾಯನಿಕ ತೆಗೆದ ಮೇಲೆ ಅದು ಯಾರ ಸಹಾಯವೂ ಇಲ್ಲದೆ ಆ 105ರಲ್ಲಿ ಸರಿಯಾದ ಒಂದನ್ನೇ ಹಿಡಿದು ಮತ್ತೆ ಮಡಿಚಿಕೊಂಡು ಕೆಲಸ ಶುರು ಮಾಡಿತು! ಅಂದರೆ ಆಕಾರದ ಗುಟ್ಟು ಅಮೈನೋ ಆಮ್ಲಗಳ ಸಾಲಿನಲ್ಲೇ ಇದೆ. ಇದಕ್ಕೆ 1972ರಲ್ಲಿ ನೊಬೆಲ್ ಬಂತು. ಸಾಲು ಕೊಟ್ಟರೆ ಆಕಾರ ಹೇಳುವ ಆಲ್ಫಾಫೋಲ್ಡ್ ನಿಂತಿರುವುದೂ ಇದೇ ನಂಬಿಕೆ ಮೇಲೆ, ಅದಕ್ಕೆ 2024ರಲ್ಲಿ ನೊಬೆಲ್.

ಮೊದಲ ಸಲ ಹೋಗುವವರು ಮನುಷ್ಯರ ಹಿಮೋಗ್ಲೋಬಿನ್ ಬೀಟಾ ಸರಪಳಿ ತೆಗೆಯಿರಿ. ಮೇಲಿನ ಸಾಲಿನಲ್ಲಿ ಒಂದು ಅಕ್ಷರದ ಮೇಲೆ ಮೌಸ್ ಇಟ್ಟರೆ ಚಿತ್ರದಲ್ಲಿ ಆ ಅಮೈನೋ ಆಮ್ಲ ಎಲ್ಲಿದೆ ಅಂತ ಬೆಳಗುತ್ತದೆ. ಲ್ಯೂಸಿನ್, ಫಿನೈಲಾಲನಿನ್ ತರಹದ ನೀರು ಕಂಡರಾಗದವು ಹೆಚ್ಚಾಗಿ ಒಳಗೆ ಸೇರಿಕೊಂಡಿರುತ್ತವೆ. ಲೈಸಿನ್, ಗ್ಲುಟಾಮಿಕ್ ಆಮ್ಲ ಹೊರಗೆ ನೀರಿನ ಕಡೆ. ಪಠ್ಯಪುಸ್ತಕದ ಚಪ್ಪಟೆ ಚಿತ್ರದಲ್ಲಿ ಇದು ತಲೆಗೆ ಹೋಗುವುದೇ ಇಲ್ಲ, ಇಲ್ಲಿ ತಿರುಗಿಸುತ್ತಿದ್ದ ಹಾಗೆ ಹೋಗುತ್ತದೆ.

ಬಣ್ಣಗಳನ್ನು ಮಾತ್ರ ಮರೆಯಬೇಡಿ. ಕಡು ನೀಲಿ ಅಂದರೆ ನಂಬಿಕೆ ಅಂಕ 90ಕ್ಕಿಂತ ಮೇಲೆ. ತಿಳಿ ನೀಲಿ ಪರವಾಗಿಲ್ಲ, ಹಳದಿಗೆ ಹುಷಾರು. 50ಕ್ಕಿಂತ ಕೆಳಗಿನ ಕಿತ್ತಳೆ ಬಣ್ಣದ್ದು ಶಾವಿಗೆ ಚೆಲ್ಲಿದ ಹಾಗೆ ಕಾಣುತ್ತದೆ, ಅದನ್ನು ಆಕಾರ ಅಂತ ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಎಷ್ಟೋ ಪ್ರೋಟೀನುಗಳಲ್ಲಿ ಆ ಭಾಗಕ್ಕೆ ಒಂಟಿಯಾಗಿದ್ದಾಗ ನಿಜವಾಗಿಯೂ ಗಟ್ಟಿ ಆಕಾರ ಇರುವುದಿಲ್ಲ.

ಇನ್ನು ಕೊರತೆಗಳು. ಇನ್ಸುಲಿನ್ ಹುಡುಕಿದರೆ 110 ಅಮೈನೋ ಆಮ್ಲದ ಉದ್ದ ಸರಪಳಿ ಬರುತ್ತದೆ. ದೇಹ ಅದನ್ನು ಕತ್ತರಿಸಿದ ಮೇಲೆ ಉಳಿಯುವುದು 51, ನಮಗೆ ಗೊತ್ತಿರುವ ಇನ್ಸುಲಿನ್ ಅದು. ಹಿಮೋಗ್ಲೋಬಿನ್‌ನಲ್ಲಿ ಆಮ್ಲಜನಕ ಹಿಡಿಯುವ ಹೀಮ್ ಇಲ್ಲ, ಜೊತೆಯ ಮೂರು ಸರಪಳಿಗಳೂ ಇಲ್ಲ. ಇಲ್ಲಿರುವುದು ಬಹುತೇಕ ಒಂಟಿ ಸರಪಳಿಗಳು. ಮೂರೆಳೆ ಹೆಣೆದ ಕೊಲಾಜನ್ ಬೇಕಾದರೆ ಇಲ್ಲಿ ಬರಲೇಬೇಡಿ.

ಕುಡಗೋಲು ಕಣ ರೋಗ (ಸಿಕಲ್ ಸೆಲ್) ಅಂತೂ ಇಲ್ಲಿ ಅರ್ಥವಾಗುವುದಿಲ್ಲ. ನಮ್ಮ ಚಾಮರಾಜನಗರ, ಮೈಸೂರು ಕಡೆಯ ಬುಡಕಟ್ಟು ಜನರಲ್ಲೂ ಇರುವ ಕಾಯಿಲೆ, ಹಾಗಾಗಿ ಕ್ಲಾಸಿನಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಬೀಟಾ ಸರಪಳಿಯ 6ನೇ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲಿನ್ ಕೂತಿರುತ್ತದೆ, ಅಷ್ಟೇ. (ಸೈಟಿನಲ್ಲಿ 7ನೇದು ನೋಡಿ, ಅದು ಮೊದಲ ಮೆಥಿಯೋನಿನ್ ಸೇರಿಸಿ ಎಣಿಸುತ್ತದೆ.) ಇದರಿಂದ ಒಂದು ಸರಪಳಿಯ ಆಕಾರ ಹೆಚ್ಚೇನೂ ಕೆಡುವುದಿಲ್ಲ. ಹೊರಗೆ ಬಂದ ಆ ವ್ಯಾಲಿನ್, ಆಮ್ಲಜನಕ ಬಿಟ್ಟುಕೊಟ್ಟ ಪಕ್ಕದ ಹಿಮೋಗ್ಲೋಬಿನ್‌ನ ಗುಳಿಗೆ ಅಂಟಿಕೊಂಡು, ಅದಕ್ಕೆ ಇನ್ನೊಂದು ಅಂಟಿ, ಹೀಗೆ ಉದ್ದ ಎಳೆಗಳಾಗಿ ರಕ್ತಕಣವನ್ನೇ ಬಗ್ಗಿಸುತ್ತದೆ. ಒಂಟಿ ಸರಪಳಿಯ ಚಿತ್ರದಲ್ಲಿ ಇದು ಹೇಗೆ ಕಾಣಬೇಕು ಹೇಳಿ?

ಹೀಮ್ ಸೇರಿಸಿ, ನಾಲ್ಕು ಸರಪಳಿ ಕೂಡಿಸಿ ನೋಡುವ ಆಸೆ ಇದ್ದರೆ 2024ರಲ್ಲಿ ಬಂದ ಆಲ್ಫಾಫೋಲ್ಡ್ ಸರ್ವರ್ ಇದೆ. ಅದಕ್ಕೆ ಗೂಗಲ್ ಲಾಗಿನ್ ಬೇಕು.

ಸ್ವಲ್ಪ ಮುಂದೆ ಹೋಗುವವರು ಫೈಲ್ ಇಳಿಸಿಕೊಂಡು ರಾಮಚಂದ್ರನ್ ನಕ್ಷೆ ಹಾಕಿ ನೋಡಿ. ಸರಪಳಿ ಯಾವ ಕೋನಗಳಲ್ಲಿ ತಿರುಗಬಹುದು, ಎಲ್ಲಿ ಪರಮಾಣುಗಳು ಡಿಕ್ಕಿ ಹೊಡೆಯುತ್ತವೆ ಎಂದು 1963ರಲ್ಲೇ ಮದ್ರಾಸಿನಿಂದ ಲೆಕ್ಕ ಹಾಕಿ ತೋರಿಸಿದವರು ಜಿ. ಎನ್. ರಾಮಚಂದ್ರನ್ ಮತ್ತು ಜೊತೆಗಾರರು. ನಮ್ಮ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸಿ. ವಿ. ರಾಮನ್ ಶಿಷ್ಯರಾಗಿದ್ದವರು, ಮುಂದೆ ಅಲ್ಲೇ ಜೈವಿಕ ಭೌತವಿಜ್ಞಾನದ ವಿಭಾಗ ಕಟ್ಟಿದರು. ಕಿತ್ತಳೆ ಭಾಗದ ಎಷ್ಟೋ ಚುಕ್ಕಿಗಳು ನಕ್ಷೆಯ ಗೆರೆ ದಾಟಿ ಕೂತಿರುವುದು ಕಾಣುತ್ತದೆ.

ನನ್ನ ಅಂಕ ಐದಕ್ಕೆ ನಾಲ್ಕು. ಒಂದು ಕಳೆದಿದ್ದು ಹೊಸಬರಿಗೆ ಈ ಕೊರತೆಗಳು ಒಂದು ನೋಟದಲ್ಲಿ ಗೊತ್ತಾಗುವುದಿಲ್ಲ ಅಂತ. ಫೋನಿನ ಸಣ್ಣ ಪರದೆಯಲ್ಲಿ ಬೆರಳಿನಿಂದ ತಿರುಗಿಸುವುದು ಕಿರಿಕಿರಿ, ಲ್ಯಾಪ್‌ಟಾಪ್‌ನಲ್ಲೇ ತೆರೆಯಿರಿ.